ಲಿನಕ್ಸ್ ಗಣಕಗಳಲ್ಲಿ ಬ್ರೌಸರ್‌ನ ಧ್ವನಿದೋಷ ಮತ್ತು ಕ್ರ್ಯಾಶ್

ಉಬುಂಟು, ಡೆಬಿಯನ್, ಫೆಡೋರಾದಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಫೈರ್‌ಫಾಕ್ಸ್, ಕ್ರೋಮ್, ಕ್ರೋಮಿಯಂ ಬ್ರೌಸರುಗಳಿಂದ ಸದ್ದೇ ಬಾರದಿರುವುದು, ಬಂದರೂ ಒಡೆದು ಕೇಳಿಸುವುದು, ಬ್ರೌಸರ್ ಹ್ಯಾಂಗ್ ಆಗುವುದು, ಕೆಲಸದ ನಡುವೆ ತಾನಾಗಿ ಮುಚ್ಚಿಕೊಳ್ಳುವುದು ಸಾಮಾನ್ಯವಾಗಿ ಕಾಣುವ ತೊಂದರೆಗಳು. ಕಣ್ಣಿಗೆ ಬೀಳುವುದು ಬ್ರೌಸರ್ ಒಂದೇ ಆದ್ದರಿಂದ ದೂರೆಲ್ಲ ಅದರ ಮೇಲೆಯೇ ಬರುತ್ತದೆ. ಆದರೆ ಯೂಟ್ಯೂಬಿನ ಒಂದು ಪಾಠದ ಧ್ವನಿ ಸ್ಪೀಕರಿಗೆ ತಲುಪುವಷ್ಟರಲ್ಲಿ ಹಲವು ಪ್ರೋಗ್ರಾಂಗಳನ್ನು ದಾಟಿ ಬಂದಿರುತ್ತದೆ. ದೋಷ ಅವುಗಳಲ್ಲಿ ಯಾವುದರಲ್ಲಿದೆ ಎಂದು ಗುರುತಿಸದೆ ಇಡೀ ಗಣಕವನ್ನು ಫಾರ್ಮ್ಯಾಟ್ ಮಾಡಿಬಿಡುವುದು ಬಹುಪಾಲು ಅನಗತ್ಯ. ಅದರಲ್ಲಿದ್ದ ಕಡತಗಳೂ ಅದರ ಜೊತೆಗೇ ಹೋಗುತ್ತವೆ.

ಕರ್ನಾಟಕದಲ್ಲಿ ಲಿನಕ್ಸ್ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಜಾಗಗಳಲ್ಲಿ ಸರಕಾರಿ ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿಗಳು ಮುಖ್ಯವಾದವು. 2011ರ ಸುಮಾರಿಗೆ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ಉಬುಂಟುವಿನಲ್ಲೇ ನಡೆದವು. ರಾಜ್ಯ ಶಿಕ್ಷಣ ಇಲಾಖೆಯ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಅದರಲ್ಲಿ ಜೊತೆಯಾಗಿದ್ದವು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಹುಟ್ಟಿದ್ದೂ ಇದೇ ಪ್ರಯತ್ನದಿಂದ. ಮುಂದೆ ಬಂದ, ತಂತ್ರಜ್ಞಾನ ನೆರವಿನ ಕಲಿಕೆಯ ಟಾಲ್ಪ್ ಯೋಜನೆಯ ಶಿಬಿರಗಳಲ್ಲಿಯೂ ಶಿಕ್ಷಕರು ಉಬುಂಟು ಕಲಿತರು. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಲೆಗಳೂ ಈ ರಾಜ್ಯಮಟ್ಟದ ಕಾರ್ಯಕ್ರಮಗಳ ವ್ಯಾಪ್ತಿಯಲ್ಲೇ ಬರುತ್ತವೆ. 2020ರಿಂದ ಚಂದನ ವಾಹಿನಿಯಲ್ಲಿ ಪ್ರಸಾರವಾದ ‘ಸಂವೇದ’ ಪಾಠಗಳು ಯೂಟ್ಯೂಬಿಗೂ ಬಂದವು. ಅಂಥ ಪಾಠವನ್ನು ತರಗತಿಯಲ್ಲಿ ಹಾಕಿದಾಗ ಚಿತ್ರ ಓಡಿ ಧ್ವನಿ ಬಾರದಿದ್ದರೆ ಆ ಅವಧಿ ಅಲ್ಲಿಗೇ ಹೋದಂತೆ. ತಾಲ್ಲೂಕು ಕೇಂದ್ರಗಳ ರಿಪೇರಿ ಅಂಗಡಿಗಳಲ್ಲಿ ವಿಂಡೋಸ್ ಬಲ್ಲವರು ಸಿಗುವಷ್ಟು ಸುಲಭವಾಗಿ ಲಿನಕ್ಸ್ ಬಲ್ಲವರು ಸಿಗುವುದಿಲ್ಲ. ಹಾಗಾಗಿ ಮೊದಲ ತಪಾಸಣೆ ಶಿಕ್ಷಕರ ಕೈಯಲ್ಲೇ ಆಗಬೇಕು. ಕೆ.ಆರ್. ಪೇಟೆಯ ಸರಕಾರಿ ಎಂಜಿನಿಯರಿಂಗ್ ಕಾಲೇಜು, ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯಗಳಲ್ಲಿ ಗಣಕ ವಿಜ್ಞಾನ ಓದುವವರ ನೆರವನ್ನು ಈ ತಾಲ್ಲೂಕುಗಳ ಶಾಲೆಗಳು ಧೈರ್ಯವಾಗಿ ಕೇಳಬಹುದು.

ಧ್ವನಿ ಸಾಗುವ ದಾರಿ

ಎಲ್ಲಕ್ಕಿಂತ ಕೆಳಗೆ, ಲಿನಕ್ಸಿನ ತಿರುಳಾದ ಕರ್ನಲ್‌ನೊಳಗೆ ಇರುವುದು ಆಲ್ಸಾ. ಸೌಂಡ್ ಕಾರ್ಡಿನ ಜೊತೆ ನೇರವಾಗಿ ವ್ಯವಹರಿಸುವ ಚಾಲಕಗಳು ಇದರಲ್ಲಿವೆ. 2003ರ ಕೊನೆಯಲ್ಲಿ ಬಂದ ಕರ್ನಲ್‌ನ 2.6ನೇ ಆವೃತ್ತಿಯಿಂದ ಹಳೆಯ ಧ್ವನಿವ್ಯವಸ್ಥೆಯಾದ ಒ.ಎಸ್.ಎಸ್.ನ ಜಾಗವನ್ನು ಇದು ಹಿಡಿಯಿತು. ಹಲವು ಪ್ರೋಗ್ರಾಂಗಳ ಸದ್ದನ್ನು ಬೆರೆಸಿ, ಯಾವ ಸಾಧನಕ್ಕೆ ಕಳುಹಿಸಬೇಕು ಎಂದು ನೋಡಿಕೊಳ್ಳುವ ಧ್ವನಿ ಸರ್ವರ್ ಅದರ ಮೇಲಿನ ಪದರ. ಲೆನಾರ್ಟ್ ಪಾಟರಿಂಗ್ ಬರೆದ ಪಲ್ಸ್‌ಆಡಿಯೋ 2007ರಲ್ಲಿ ಫೆಡೋರಾ 8ಕ್ಕೂ 2008ರಲ್ಲಿ ಉಬುಂಟು 8.04ಕ್ಕೂ ಬಂತು. ಈಗ ಆ ಕೆಲಸವನ್ನು ವಿಮ್ ಟೇಮನ್ಸ್ ಕಟ್ಟಿದ ಪೈಪ್‌ವೈರ್ ಮಾಡುತ್ತಿದೆ. ಫೆಡೋರಾದಲ್ಲಿ 2021ರಿಂದ, ಉಬುಂಟುವಿನಲ್ಲಿ 2022ರ ಅಕ್ಟೋಬರಿನ 22.10ನೇ ಆವೃತ್ತಿಯಿಂದ ಅದೇ ರೂಢಿ. 2017ರ ಫೈರ್‌ಫಾಕ್ಸ್ 52 ಆಲ್ಸಾದ ಜೊತೆಗಿನ ನೇರ ನಂಟು ಬಿಟ್ಟು ಪಲ್ಸ್‌ಆಡಿಯೋ ಬೇಕೇ ಬೇಕು ಎಂದಾಗ, ಅದನ್ನು ಹಾಕಿಕೊಳ್ಳದ ಹಗುರ ಲಿನಕ್ಸ್‌ಗಳಲ್ಲಿ ಬ್ರೌಸರ್ ಒಮ್ಮೆಲೇ ಮೂಕವಾಯಿತು. ಪೈಪ್‌ವೈರ್ ಪಲ್ಸ್‌ಆಡಿಯೋದ ಭಾಷೆಯನ್ನೇ ಆಡುವುದರಿಂದ ಈಗಿನ ಬ್ರೌಸರುಗಳಿಗೆ ಆ ಕಷ್ಟ ಇಲ್ಲ.

ತಪ್ಪು ಯಾರದು ಎಂಬುದು ಎಷ್ಟು ಜಟಿಲವಾಗಬಹುದು ಎನ್ನುವುದಕ್ಕೆ 2010ರ ಒಂದು ಪ್ರಕರಣ ಇಂದಿಗೂ ಒಳ್ಳೆಯ ಪಾಠ. ಫೆಡೋರಾ 14ರಲ್ಲಿ 64 ಬಿಟ್ ಫ್ಲ್ಯಾಶ್ ಪ್ಲಗಿನ್ ಮೂಲಕ ಬರುವ ಸಂಗೀತ ಕಿವಿಗೆ ಕರ್ಕಶವಾಗಿ ಕೇಳತೊಡಗಿತು. ಸೌಂಡ್ ಕಾರ್ಡು ಸರಿಯಿತ್ತು, ಬ್ರೌಸರೂ ಸರಿಯಿತ್ತು. ಗಣಕದ ಸ್ಮೃತಿಯ (ಮೆಮೊರಿ) ಒಂದು ಭಾಗದಿಂದ ಇನ್ನೊಂದಕ್ಕೆ ಮಾಹಿತಿ ನಕಲು ಮಾಡುವ ಮೆಮ್‌ಕಾಪಿ ಎಂಬ ಸಣ್ಣ ಕಾರ್ಯವನ್ನು ಬಹುಪಾಲು ಪ್ರೋಗ್ರಾಂಗಳು ಬಳಸುವ ಜಿಲಿಬ್‌ಸಿ ಗ್ರಂಥಾಲಯದಲ್ಲಿ ವೇಗಕ್ಕಾಗಿ ಹೊಸದಾಗಿ ಬರೆಯಲಾಗಿತ್ತು. ಕೆಲವು ಪ್ರೊಸೆಸರುಗಳಲ್ಲಿ ಅದು ಕೊನೆಯಿಂದ ಮೊದಲಿಗೆ ನಕಲು ಮಾಡುತ್ತಿತ್ತು. ಮೂಲ ಮತ್ತು ಗುರಿ ಒಂದರ ಮೇಲೊಂದು ಹಾಯ್ದಿರುವಾಗ ಆ ಕಾರ್ಯವನ್ನು ಬಳಸಬಾರದು ಎಂಬುದು ನಿಯಮ, ಫ್ಲ್ಯಾಶ್ ಬಳಸಿತ್ತು. ಅಲ್ಲಿಯವರೆಗೆ ಅದೃಷ್ಟದಿಂದ ನಡೆಯುತ್ತಿದ್ದುದು ಈಗ ಧ್ವನಿಯನ್ನು ಕೆಡಿಸಿತು. ಲಿನಕ್ಸ್ ಕರ್ನಲ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಖುದ್ದಾಗಿ ಕುಳಿತು ಕಾರಣ ಹುಡುಕಿದರು. ನಿಯಮ ಮುರಿದವರು ಯಾರೇ ಇರಲಿ, ಕಷ್ಟ ಬಳಕೆದಾರನ ಪಾಲಿಗೆ ಬರಬಾರದು ಎಂಬುದು ಅವರ ನಿಲುವು. ಮರುವರ್ಷದ ಜಿಲಿಬ್‌ಸಿ 2.14 ಹಳೆಯ ಪ್ರೋಗ್ರಾಂಗಳಿಗೆ ಹಳೆಯ ನಡವಳಿಕೆಯನ್ನೇ ಉಳಿಸಿಕೊಟ್ಟಿತು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಳೆಯ ಪಾಠದ ಸಿ.ಡಿ.ಗಳಲ್ಲಿರುವ ಫ್ಲ್ಯಾಶ್ ಚಟುವಟಿಕೆಗಳು ಈಗಿನ ಬ್ರೌಸರಿನಲ್ಲಿ ತೆರೆಯದಿರಲು ಅದೇ ಕಾರಣ. ಅದು ಗಣಕದ ದೋಷವಲ್ಲ.

ಸದ್ದು ಬಾರದಿದ್ದಾಗ

ಅತ್ಯಂತ ಉಪಯುಕ್ತ ಸಾಧನ ಪಾವುಕಂಟ್ರೋಲ್ ಎಂಬ ಪುಟ್ಟ ಪ್ರೋಗ್ರಾಂ. ವಿಡಿಯೋ ಓಡುತ್ತಿರುವಾಗಲೇ ಅದನ್ನು ತೆರೆದು ‘ಪ್ಲೇಬ್ಯಾಕ್’ ಪುಟ ನೋಡಬೇಕು. ಅಲ್ಲಿ ಫೈರ್‌ಫಾಕ್ಸ್ ಹೆಸರಿನ ಸಾಲು ಇದ್ದು, ಅದರ ಕೆಳಗಿನ ಪಟ್ಟಿ ಧ್ವನಿಗೆ ತಕ್ಕಂತೆ ಮಿಡಿಯುತ್ತಿದ್ದರೆ ಬ್ರೌಸರ್ ತನ್ನ ಕೆಲಸ ಮಾಡಿದೆ, ದೋಷ ಕೆಳಗಿದೆ. ಸಾಲೇ ಇಲ್ಲದಿದ್ದರೆ ದೋಷ ಮೇಲಿದೆ: ಟ್ಯಾಬ್ ಮ್ಯೂಟ್ ಆಗಿರಬಹುದು, ಅಥವಾ ತಾನಾಗಿ ಸದ್ದು ಮಾಡುವ ಪುಟಗಳನ್ನು ಬ್ರೌಸರ್ ತಡೆದಿರಬಹುದು. ಕ್ರೋಮ್ 2018ರಿಂದ, ಫೈರ್‌ಫಾಕ್ಸ್ 2019ರಿಂದ ಹೀಗೆ ತಡೆಯುತ್ತವೆ. ಈ ಒಂದೇ ನೋಟದಿಂದ ಹುಡುಕಾಟದ ಅರ್ಧ ದಾರಿ ಮುಗಿಯುತ್ತದೆ.

ಸಾಲು ಮಿಡಿಯುತ್ತಿದ್ದರೂ ಸದ್ದಿಲ್ಲ ಎಂದರೆ ‘ಔಟ್‌ಪುಟ್ ಡಿವೈಸಸ್’ ಪುಟಕ್ಕೆ ಹೋಗಬೇಕು. ಶಾಲೆಗಳಲ್ಲಿ ಪ್ರೊಜೆಕ್ಟರನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದಾಗ ಧ್ವನಿಯೂ ಅದೇ ತಂತಿ ಹಿಡಿದು ಹೋಗುವುದುಂಟು. ಪ್ರೊಜೆಕ್ಟರಿನಲ್ಲಿ ಸ್ಪೀಕರ್ ಇಲ್ಲದಿದ್ದರೆ ಏನೂ ಕೇಳದು. ‘ಕಾನ್ಫಿಗರೇಶನ್’ ಪುಟದಲ್ಲಿ ಅನಲಾಗ್ ಸ್ಟೀರಿಯೋ ಆರಿಸಿದರೆ ಧ್ವನಿ ಮೇಜಿನ ಸ್ಪೀಕರಿಗೆ ಮರಳುತ್ತದೆ. ಅಲ್ಲಿಯೂ ಸರಿಯಿದ್ದು ಸದ್ದು ಬಾರದಿದ್ದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಓಡಿಸಿ ನೋಡಬೇಕು. ಪರದೆಯ ಮೇಲೆ ಸಾಲಾಗಿ ನಿಂತ ಕಂಬಗಳಲ್ಲಿ ಯಾವುದರ ಬುಡದಲ್ಲಾದರೂ ‘ಎಂಎಂ’ ಎಂದಿದ್ದರೆ ಅದು ಮ್ಯೂಟ್ ಆಗಿದೆ ಎಂದರ್ಥ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ‘ಎಂ’ ಒತ್ತಿದರೆ ತೆರೆದುಕೊಳ್ಳುತ್ತದೆ. ಬ್ರೌಸರನ್ನು ಪೂರ್ತಿ ಪಕ್ಕಕ್ಕಿಟ್ಟು ಪರೀಕ್ಷಿಸಲು ಸ್ಪೀಕರ್-ಟೆಸ್ಟ್ ಆದೇಶವಿದೆ. ಅದರ ಭೋರೆಂಬ ಸದ್ದು ಕೇಳಿದರೆ ಸ್ಪೀಕರ್, ತಂತಿ, ಚಾಲಕ ಮೂರೂ ಸರಿ ಎಂದಾಯಿತು.

ಸಾಧನಗಳ ಪಟ್ಟಿಯಲ್ಲಿ ‘ಡಮ್ಮಿ ಔಟ್‌ಪುಟ್’ ಒಂದೇ ಕಂಡರೆ ಧ್ವನಿ ಸರ್ವರಿಗೆ ಸೌಂಡ್ ಕಾರ್ಡೇ ಸಿಕ್ಕಿಲ್ಲ. ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪುಗಳಿಗೆ ಸೌಂಡ್ ಓಪನ್ ಫರ್ಮ್‌ವೇರ್ ಬೇಕು. ಡೆಬಿಯನ್‌ನಲ್ಲಿ ಅದು ಪ್ರತ್ಯೇಕ ಪ್ಯಾಕೇಜು, ಹಾಕಿಕೊಂಡು ರೀಸ್ಟಾರ್ಟ್ ಮಾಡಬೇಕು. ಪೈಪ್‌ವೈರ್ ಸಿಕ್ಕಿಹಾಕಿಕೊಂಡಿದ್ದರೆ ಅದನ್ನೂ ಅದರ ಜೊತೆಗಾರ ವೈರ್‌ಪ್ಲಂಬರನ್ನೂ ಮರುಚಾಲನೆ ಮಾಡಿದರೆ ಸಾಕು. ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಆನ್‌ಲೈನ್ ಸಭೆ ಶುರುವಾದೊಡನೆ ಧ್ವನಿ ದೂರವಾಣಿಯ ಧ್ವನಿಯಂತೆ ತೆಳುವಾಗುವುದು ದೋಷವಲ್ಲ. ಮೈಕ್ ಬೇಕಾದಾಗ ಅದು ಕರೆಯ ಪ್ರೊಫೈಲಿಗೆ ಬದಲಾಗುತ್ತದೆ.

ಒಡಕು ಸದ್ದಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಸ್ಪೀಚ್ ಡಿಸ್ಪ್ಯಾಚರ್ ಎಂಬ ಸೇವೆಯನ್ನು ಕಿತ್ತುಹಾಕಿದರೆ ಚಟಪಟ ಸದ್ದು ನಿಲ್ಲುತ್ತದೆ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಕೆಲವು ಗಣಕಗಳಲ್ಲಿ ಅದು ನಿಜವೂ ಹೌದು. ಆದರೆ ದೃಷ್ಟಿದೋಷವುಳ್ಳವರು ಬಳಸುವ ಓರ್ಕಾ ತೆರೆವಾಚಕ ಮಾತಾಡುವುದು ಅದರ ಮೂಲಕವೇ, ಕನ್ನಡ ಓದಬಲ್ಲ ಇ-ಸ್ಪೀಕ್ ಎನ್‌ಜಿ ಓರ್ಕಾಕ್ಕೆ ಸಿಗುವುದೂ ಅಲ್ಲಿಂದಲೇ. ಎಲ್ಲರೂ ಬಳಸುವ ಗಣಕದಲ್ಲಿ ಅದನ್ನು ತೆಗೆದುಹಾಕಬಾರದು.

ಬ್ರೌಸರ್ ಕ್ರ್ಯಾಶ್ ಆದಾಗ

ಒಂದು ಟ್ಯಾಬ್ ಬಿದ್ದಿತೇ, ಇಡೀ ಬ್ರೌಸರ್ ಬಿದ್ದಿತೇ ಎಂಬುದು ಮೊದಲ ಪ್ರಶ್ನೆ. ಪುಟಗಳನ್ನು ಪ್ರತ್ಯೇಕ ಪ್ರಕ್ರಿಯೆಯಲ್ಲಿ ಓಡಿಸುವ ಕ್ರಮವನ್ನು ಕ್ರೋಮ್ ಮೊದಲಿನಿಂದಲೂ, ಫೈರ್‌ಫಾಕ್ಸ್ 2016ರ 48ನೇ ಆವೃತ್ತಿಯಿಂದಲೂ ಅನುಸರಿಸುತ್ತಿವೆ. ಹಾಗಾಗಿ ಒಂದೇ ಟ್ಯಾಬ್ ಬಿದ್ದರೆ ಆ ಪುಟದ ಭಾರ ಅಥವಾ ಒಂದು ಎಕ್ಸ್‌ಟೆನ್ಶನ್ ಕಾರಣವಿರಬಹುದು. ಇಡೀ ಬ್ರೌಸರ್ ಬಿದ್ದರೆ ಗ್ರಾಫಿಕ್ಸ್ ಚಾಲಕ, ಕೆಟ್ಟ ಪ್ರೊಫೈಲ್ ಅಥವಾ ಸ್ಮೃತಿಯ ಕೊರತೆಯ ಕಡೆ ನೋಡಬೇಕು.

ಫೈರ್‌ಫಾಕ್ಸಿನ ವಿಳಾಸದ ಜಾಗದಲ್ಲಿ ‘ಅಬೌಟ್:ಕ್ರ್ಯಾಶಸ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಹಿಂದಿನ ಕ್ರ್ಯಾಶ್‌ಗಳ ವರದಿಗಳು ಸಿಗುತ್ತವೆ. ಬ್ರೌಸರ್ ಕಣ್ಣೆದುರೇ ಮಾಯವಾದರೂ ಆ ಪಟ್ಟಿ ಖಾಲಿ ಇದ್ದರೆ, ಅದೇ ಒಂದು ಸುಳಿವು: ಅದು ತಾನಾಗಿ ಬೀಳಲಿಲ್ಲ, ವ್ಯವಸ್ಥೆಯೇ ಅದನ್ನು ನಿಲ್ಲಿಸಿರಬಹುದು. ರ‍್ಯಾಮ್ ಮುಗಿಯುತ್ತಾ ಬಂದಾಗ ಕರ್ನಲ್ ಹೆಚ್ಚು ಸ್ಮೃತಿ ನುಂಗಿದ ಪ್ರಕ್ರಿಯೆಯನ್ನು ಕೊಲ್ಲುತ್ತದೆ. ಹಾಗೆ ಕೊಲ್ಲಲ್ಪಟ್ಟ ಪ್ರೋಗ್ರಾಮಿಗೆ ವರದಿ ಬರೆಯಲು ಕ್ಷಣವೂ ಸಿಗುವುದಿಲ್ಲ. ಉಬುಂಟು 22.04ರಲ್ಲಿ ಸಿಸ್ಟಮ್‌ಡಿ-ಊಮ್‌ಡಿ ಎಂಬ ಸೇವೆ ಇದೇ ಕೆಲಸವನ್ನು ಇನ್ನೂ ಬೇಗ ಮಾಡತೊಡಗಿ, ಬ್ರೌಸರ್ ಕಾರಣವಿಲ್ಲದೆ ಮುಚ್ಚಿಕೊಳ್ಳುತ್ತದೆ ಎಂಬ ದೂರುಗಳು ಬಂದವು. ಜರ್ನಲ್‌ಸಿಟಿಎಲ್ ಆದೇಶದಲ್ಲಿ ಆ ಹೊತ್ತಿನ ದಾಖಲೆ ನೋಡಿದರೆ ‘ಔಟ್ ಆಫ್ ಮೆಮೊರಿ’ ಎಂಬ ಮಾತು ಅಥವಾ ಈ ಸೇವೆಯ ಹೆಸರು ಕಾಣುತ್ತದೆ. 2 ಜಿ.ಬಿ. ಅಥವಾ 4 ಜಿ.ಬಿ. ರ‍್ಯಾಮಿನ ಗಣಕಕ್ಕೆ ಸ್ವಾಪ್ ಜಾಗ ಹೆಚ್ಚಿಸುವುದು, ಲುಬುಂಟುವಿನಂಥ ಹಗುರ ಡೆಸ್ಕ್‌ಟಾಪ್ ಹಾಕುವುದು, ಸಾಧ್ಯವಿದ್ದರೆ ಇನ್ನೊಂದು ರ‍್ಯಾಮ್ ಕೂರಿಸುವುದು ನಿಜವಾದ ಪರಿಹಾರ. ಬ್ರೌಸರನ್ನು ತೆಗೆದು ಮತ್ತೆ ಹಾಕುವುದರಿಂದ ಏನೂ ಆಗದು.

ವರದಿ ಇದ್ದರೆ ಫೈರ್‌ಫಾಕ್ಸನ್ನು ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆದು ನೋಡಬೇಕು. ಅದು ಎಕ್ಸ್‌ಟೆನ್ಶನ್‌ಗಳನ್ನೂ ಹಾರ್ಡ್‌ವೇರ್ ವೇಗವರ್ಧನೆಯನ್ನೂ ಆ ಒಂದು ಸಲಕ್ಕೆ ನಿಲ್ಲಿಸುತ್ತದೆ. ಅಲ್ಲಿ ಸರಿಹೋದರೆ ಕಾರಣ ಅವೆರಡರಲ್ಲಿ ಒಂದಿರುವ ಸಂಭವ ಹೆಚ್ಚು. ಅಲ್ಲೂ ಬಿದ್ದರೆ ಹೊಸ ಪ್ರೊಫೈಲ್ ಮಾಡಿ ಪರೀಕ್ಷಿಸಬೇಕು. ಹಠಾತ್ತಾಗಿ ಕರೆಂಟ್ ಹೋದಾಗ ಪ್ರೊಫೈಲಿನಲ್ಲಿ ಬರೆಯುತ್ತಿದ್ದ ಕಡತಗಳು ಕೆಡುವ ಸಂಭವವಿದೆ. ಯುಪಿಎಸ್ ಬ್ಯಾಟರಿ ಸತ್ತಿರುವ ಕೊಠಡಿಗಳಲ್ಲಿ ಇದನ್ನು ಮೊದಲೇ ಶಂಕಿಸಬಹುದು. ಹಳೆಯ ಪ್ರೊಫೈಲನ್ನು ಮಾತ್ರ ಅಳಿಸಬಾರದು: ಬುಕ್‌ಮಾರ್ಕುಗಳೂ ಪಾಸ್‌ವರ್ಡುಗಳೂ ಅದರಲ್ಲಿವೆ.

ಒಂದು ಗಣಕವನ್ನು ಸಿದ್ಧಮಾಡಿ ಅದರ ಪ್ರತಿಯನ್ನು ಉಳಿದವುಗಳಿಗೆ ಹಾಕುವ ಕೊಠಡಿಗಳಲ್ಲಿ ಕ್ರೋಮ್ ತೆರೆಯದೆ, ‘ಈ ಪ್ರೊಫೈಲ್ ಬೇರೆ ಗಣಕದಲ್ಲಿ ಬಳಕೆಯಲ್ಲಿದೆ’ ಎಂಬ ಅರ್ಥದ ಸಂದೇಶ ಕೊಡುವುದುಂಟು. ಪ್ರೊಫೈಲಿನೊಳಗಿನ ಸಿಂಗಲ್ಟನ್‌ಲಾಕ್ ಎಂಬ ಕೊಂಡಿಯಲ್ಲಿ ಮೂಲ ಗಣಕದ ಹೆಸರು ಉಳಿದುಬಿಟ್ಟಿರುತ್ತದೆ. ಕ್ರೋಮ್ ಎಲ್ಲೂ ಓಡುತ್ತಿಲ್ಲ ಎಂದು ಖಚಿತಪಡಿಸಿಕೊಂಡು ಅದೊಂದನ್ನು ಅಳಿಸಿದರೆ ಸಾಕು.

ತೀರಾ ಹಳೆಯ 32 ಬಿಟ್ ಗಣಕಗಳಿಗೆ ಗೂಗಲ್ 2016ರ ಮಾರ್ಚಿನಲ್ಲೇ ಲಿನಕ್ಸ್ ಕ್ರೋಮ್ ನಿಲ್ಲಿಸಿತು. ಅವುಗಳಲ್ಲಿ ಈಗಿನ ವಿಡಿಯೋ ತಾಣಗಳನ್ನು ಓಡಿಸಲು ಹೆಣಗುವುದಕ್ಕಿಂತ ಪಾಠಗಳನ್ನು ಬೇರೆಡೆ ಇಳಿಸಿಕೊಂಡು ಪೆನ್‌ಡ್ರೈವಿನಿಂದ ವಿಎಲ್‌ಸಿಯಲ್ಲಿ ತೋರಿಸುವುದು ಮೇಲು.