ಮಳೆಗೆ ಮುನ್ನಿನ ದೀಪಸಜ್ಜು

ಕೊಡಗಿನ ತಡಿಯಂಡಮೋಳ್ ಶಿಖರದ ತಪ್ಪಲಿನಲ್ಲಿ ಏಲಕ್ಕಿ, ಕಾಫಿ, ಗದ್ದೆಗಳ ನಡುವೆ ಹಬ್ಬಿಕೊಂಡಿರುವ ಕಕ್ಕಬೆಯಲ್ಲಿ ಚಳಿಗಾಲವು ಗೃಹಸ್ಥನನ್ನು ಅಂಜಿಸುವ ಕಾಲವಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿ ಮುಗಿದು ಧನುರ್ಮಾಸದ ಚಳಿ ಇಳಿಯುವ ಹೊತ್ತಿಗೆ ಆಕಾಶವು ನಿರ್ಮಲವಾಗಿ, ಕಣದ ತುಂಬ ಕಾಫಿ ಒಣಗುತ್ತಿರುತ್ತದೆ. ಇಲ್ಲಿಯವರು ಭಯದಿಂದಲೂ ಭಕ್ತಿಯಿಂದಲೂ ಎದುರುನೋಡುವ ಋತು ಬೇರೆಯದು. ಮೃಗಶಿರೆಯಲ್ಲಿ ತೊಡಗಿ ಆಶ್ಲೇಷೆಯನ್ನು ದಾಟಿ, ಕಕ್ಕಡವೆಂಬ ತಿಂಗಳನ್ನು ನಡುವಿಟ್ಟುಕೊಂಡು ಸುರಿಯುವ ಮಳೆಗಾಲವದು. ಶೀತದೇಶದವರು ಹಿಮ ಬೀಳುವುದಕ್ಕೆ ಮುನ್ನ ಮನೆಗೆ ಮಾಡಿಕೊಳ್ಳುವ ಸಿದ್ಧತೆಯನ್ನೆಲ್ಲ ಈ ಊರು ಮಳೆ ಹಿಡಿಯುವುದಕ್ಕೆ ಮುನ್ನ ಮಾಡಿಕೊಂಡು ಬಂದಿದೆ. ಆ ಸಿದ್ಧತೆಗಳಲ್ಲಿ, ಹಗಲೇ ಮಬ್ಬಾಗುವ ತಿಂಗಳುಗಳಿಗಾಗಿ ಬೆಳಕನ್ನು ಕೂಡಿಟ್ಟುಕೊಳ್ಳುವ ಕಾರ್ಯವೇ ಎಲ್ಲಕ್ಕಿಂತ ಗಹನವಾದುದೆಂದು ನನ್ನ ಎಣಿಕೆ.

ಮಳೆಯನ್ನು ಶತ್ರುವೆಂದು ಬಗೆದ ಊರು ಇದಲ್ಲ. 1810ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರನು ಕಟ್ಟಿಸಿದ ಪಾಡಿ ಇಗ್ಗುತಪ್ಪನ ಗುಡಿ ಇಲ್ಲಿಯೇ ಇದೆ. ಇಗ್ಗುತಪ್ಪನು ಮಳೆಬೆಳೆಗಳ ದೇವರು, ನಾಡಿಗೆಲ್ಲ ಪುತ್ತರಿಯ ದಿನ ಗೊತ್ತಾಗುವುದೂ ಅವನ ಸನ್ನಿಧಿಯಲ್ಲಿಯೇ. ಬೇಡಿ ಕರೆದ ಮಳೆ ಬಂದು ಮನೆಯ ಮೇಲೆ ಕುಳಿತಾಗ, ಮನೆತನದ ಮೂಲಮನೆಯಾದ ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪ ತೂಕ್ ಬೊಳ್‌ಚ ಆರದಂತೆ ನೋಡಿಕೊಳ್ಳುವುದು ಮನೆಯವರ ಹೊಣೆಯಾಗಿದ್ದಿತು. ದೀಪದ ಎಣ್ಣೆಗೆ ಬೇಕಾದ ತೆಂಗು ಹುಲುಸಾಗಿ ಬೆಳೆಯುವುದು ಘಟ್ಟದ ಕೆಳಗೆ; ಉಪ್ಪು, ತೆಂಗಿನಕಾಯಿಗಳಂತಹ ಪದಾರ್ಥಗಳು ಕರಾವಳಿಯಿಂದ ಕಾಡುದಾರಿಯನ್ನು ಏರಿ ಬರಬೇಕಾಗಿದ್ದುದರಿಂದ, ಹೊಳೆಗಳು ತುಂಬಿ ದಾರಿ ಮುಚ್ಚುವುದಕ್ಕೆ ಮೊದಲೇ ಮಳೆಗಾಲದ ಸಂಗ್ರಹವು ಮನೆ ಸೇರಬೇಕಾಗಿದ್ದಿತು. ಬೇಸಗೆಯಲ್ಲಿ ಸೀಳಿದ ಸೌದೆ ಒಲೆಯ ಮೇಲಣ ಅಟ್ಟದಲ್ಲಿ ಹೊಗೆಯುಂಡು ಒಣಗುತ್ತಿದ್ದಿತು; ಬತ್ತಿಯ ಅರಿವೆಯನ್ನೂ ದೊಂದಿಯ ಬಿದಿರನ್ನೂ ತೇವ ತಾಗದೆಡೆಯಲ್ಲಿ ಇರಿಸುತ್ತಿದ್ದರು. ದೊಡ್ಡ ವೀರರಾಜೇಂದ್ರನು 1792ರಲ್ಲಿ ಇದೇ ಸೀಮೆಯ ಯವಕಪಾಡಿಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಚಿತ್ರಿತ ಗೋಡೆಗಳಾದರೂ ಇರುಳಿನಲ್ಲಿ ಕಾಣುತ್ತಿದ್ದುದು ಎಣ್ಣೆಯ ಬೆಳಕಿನಲ್ಲಿಯೇ ಅಲ್ಲವೆ?

ಸೀಮೆಎಣ್ಣೆ ಬಂದ ಮೇಲೆ ಬುಡ್ಡಿದೀಪವೂ ಲಾಟೀನೂ ಜಗಲಿಗೆ ಬಂದುವು. ಗಾಜಿನ ಬುರುಡೆಯಿಂದಾಗಿ, ಗಾಳಿಮಳೆಯಲ್ಲಿ ಅಂಗಳ ದಾಟಿ ಕೊಟ್ಟಿಗೆಗೆ ಹೋಗುವವನ ಕೈಯಲ್ಲಿ ದೀಪ ಉಳಿಯುವಂತಾಯಿತು. ಆದರೆ ಆ ಬೆಳಕು ಪರದೇಶದ ಹಂಗಿನದು. ಆ ಎಣ್ಣೆ ಬರುತ್ತಿದ್ದ ಬರ್ಮಾದೇಶವು 1942ರಲ್ಲಿ ಜಪಾನೀಯರ ವಶವಾದಾಗ ಹಿಂದೂಸ್ಥಾನದ ಹಳ್ಳಿಹಳ್ಳಿಗೂ ಸೀಮೆಎಣ್ಣೆಯ ಅಭಾವ ತಟ್ಟಿತು.

ಎಣ್ಣೆಯ ಬಳಿಕ ಬಂದ ವಿದ್ಯುತ್ತಿನ ಕಥೆಯಲ್ಲಿ ಮನಸ್ಸಿಗೆ ನಾಟುವ ಸಂಗತಿಯೊಂದಿದೆ. ತಡಿಯಂಡಮೋಳಿನ ಓರೆಯಲ್ಲಿ ಬಿದ್ದ ನೀರು ಕಕ್ಕಬೆ ಹೊಳೆಯಾಗಿ ಹರಿದು ಕಾವೇರಿಯನ್ನು ಕೂಡುತ್ತದೆ; ಆ ಕಾವೇರಿಯೇ ಶಿವನಸಮುದ್ರದಲ್ಲಿ ಧುಮುಕಿ, 1902ರಲ್ಲಿ ತೊಂಬತ್ತು ಮೈಲಿಗೂ ಮಿಕ್ಕ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನಿತ್ತಳು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದಳು. ಕೊಡಗು ಆಗ ಮೈಸೂರಿಗೆ ಸೇರದ ಬೇರೆಯೇ ಪ್ರಾಂತ್ಯ. ಮಳೆಯನ್ನು ಹೊತ್ತ ನಾಡು ಎಣ್ಣೆಯ ದೀಪದಲ್ಲಿಯೇ ಉಳಿದಿರಲು, ಆ ಮಳೆಯ ಬೆಳಕು ಮೊದಲು ಹೋದದ್ದು ದೂರದ ಊರುಗಳಿಗೆ. 1956ರ ನವೆಂಬರಿನಲ್ಲಿ ಕೊಡಗು ಮೈಸೂರು ರಾಜ್ಯದೊಡನೆ ಒಂದಾಗಿ, ಮರುವರ್ಷವೇ ರಾಜ್ಯದ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪಿತವಾದ ಬಳಿಕ, ಕಂಬಗಳು ಮೆಲ್ಲಮೆಲ್ಲನೆ ಹಳ್ಳಿಗಳ ಕಡೆಗೆ ನಡೆದುವು. ಬಡವರ ಗುಡಿಸಲಿಗೆ ಒಂಟಿ ಬಲ್ಬಿನ ಭಾಗ್ಯಜ್ಯೋತಿ ಯೋಜನೆ ಬಂದುದು ಇನ್ನೂ ಈಚೆಗೆ.

ಕರೆಂಟು ಬಂದಿತೆಂದು ಮಳೆಗೆ ಮುನ್ನಿನ ಸಿದ್ಧತೆ ನಿಲ್ಲಲಿಲ್ಲ, ಅದರ ಸ್ವರೂಪ ಬದಲಾಯಿತು. ಕಾಫಿಕೊಯ್ಲು ತೀರಿದ ಮೇಲೆ ನೆರಳುಮರಗಳ ಕೊಂಬೆ ಕಳೆಯುವ ಮರಗಸಿ ತೋಟದ ಹಳೆಯ ಕೆಲಸ. ಈಗ ಅದೇ ಕತ್ತಿ ತಂತಿಗೆ ಬಾಗಿದ ಸಿಲ್ವರ್ ಓಕನ್ನೂ ನೋಡಬೇಕಾಗಿದೆ, ಏಕೆಂದರೆ ಆಷಾಢದ ಗಾಳಿಗೆ ಮುರಿದ ಒಂದು ಕೊಂಬೆ ಎಷ್ಟೋ ಮನೆಗಳನ್ನು ದಿನಗಟ್ಟಲೆ ಕತ್ತಲೆಗೆ ನೂಕಬಲ್ಲದು. ಆದರೆ ತಂತಿಯ ಹತ್ತಿರದ ಮರಕ್ಕೆ ಕೈಹಚ್ಚುವ ಮುನ್ನ ಲೈನ್‌ಮನ್‌ಗೆ ಹೇಳಿ ಕರೆಂಟು ನಿಲ್ಲಿಸಲೇಬೇಕು. ತೋಟದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ದುಡಿಯುವ ಕೈಗಳು ಸುಟ್ಟುಹೋದ ವಾರ್ತೆಗಳನ್ನು ಕೊಡಗಿನಲ್ಲಿ ಕೇಳದವರಿಲ್ಲ, ಕೇಳಿದಾಗಲೆಲ್ಲ ಎದೆ ನಡುಗುತ್ತದೆ. ಮನೆಯೊಳಗಾದರೋ, ಹಂಚಿನ ಸಂದಿಯಿಂದ ಜಿನುಗುವ ನೀರು ಸ್ವಿಚ್ಚಿನ ಹಲಗೆಗೆ ಇಳಿಯದಂತೆ ಮೊದಲೇ ಹಂಚು ಸರಿಪಡಿಸುವುದು, ಕಂಬದಿಂದ ಬಂದ ತಂತಿಯ ಸಿಪ್ಪೆ ಬಿರಿದಿದೆಯೆ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸುವುದು, ಉಪ್ಪು ಇದ್ದಲುಗಳನ್ನು ಪದರಪದರವಾಗಿ ತುಂಬಿದ ಅರ್ಥಿಂಗ್ ಗುಂಡಿಯ ಬೆಸುಗೆ ತುಕ್ಕು ಹಿಡಿದಿಲ್ಲವೆಂದು ಖಾತರಿಪಡಿಸಿಕೊಳ್ಳುವುದು, ಫ್ಯೂಸಿಗೆ ಸಿಕ್ಕಸಿಕ್ಕ ತಂತಿಯನ್ನು ಸುತ್ತದೆ ತಕ್ಕುದನ್ನೇ ಹಾಕಿಸುವುದು, ಇವೆಲ್ಲ ರೋಹಿಣಿ ಮಳೆಗೆ ಮೊದಲೇ ತೀರಬೇಕಾದ ಕೆಲಸಗಳು. ಒದ್ದೆ ಗೋಡೆಯೇ ಮೈಗೆ ಕರೆಂಟು ಹಾಯಿಸಬಲ್ಲ ಊರಿನಲ್ಲಿ, ವಿದ್ಯುತ್ತಿನ ಸೋರಿಕೆಯನ್ನು ಕಂಡೊಡನೆ ಕ್ಷಣಾರ್ಧದಲ್ಲಿ ಕರೆಂಟನ್ನು ಕಡಿದುಹಾಕುವ ಸಣ್ಣ ಉಪಕರಣವನ್ನು ಮೀಟರಿನ ಬಳಿ ಕೂರಿಸುವುದಕ್ಕೆ ಹಣದ ಲೆಕ್ಕ ಹಾಕಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಘಟ್ಟದ ಮನೆಗಳು ಕಂಡುಕೊಂಡ ಇನ್ನೊಂದು ದಾರಿಯೂ ಉಂಟು. ಬೆಟ್ಟದ ತೊರೆಯ ನೀರನ್ನು ಎತ್ತರದಿಂದ ಕೊಳವೆಯಲ್ಲಿ ಇಳಿಸಿ, ಅಂಗಳದಾಚೆಯ ಪುಟ್ಟ ಚಕ್ರವನ್ನು ತಿರುಗಿಸಿ, ಒಂದು ಮನೆಗೆ ಸಾಲುವಷ್ಟು ವಿದ್ಯುತ್ತನ್ನು ಅಲ್ಲಿಯೇ ಪಡೆಯುವ ಏರ್ಪಾಡು ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಬೇರೂರಿದೆ. ದೀಪಕ್ಕೆ ಮಿಕ್ಕ ಶಕ್ತಿ ಹಂಡೆಯ ನೀರನ್ನು ಕಾಯಿಸುತ್ತದೆ. ಮಾಘ ಕಳೆದು ತೊರೆ ಸೊರಗಿದಂತೆ ಆ ದೀಪವೂ ಮಂಕಾಗುತ್ತದೆ. ಜೂನಿನ ಮೊದಲ ಮಳೆಗೆ ಮನೆಯವನು ಕಂಬಳಿ ಹೊದೆದು, ಜಿಗಣೆಗಳನ್ನು ಕಿತ್ತೆಸೆಯುತ್ತ ಬೆಟ್ಟವೇರಿ, ಕೊಳವೆಯ ಬಾಯಿಯ ಜಾಲರಿಗೆ ಕಟ್ಟಿದ ತರಗೆಲೆಗಳನ್ನು ಬಳಿದು ಬರುತ್ತಾನೆ. ಊರ ಕಂಬಗಳೆಲ್ಲ ನೆಲಕ್ಕೊರಗುವ ಕಕ್ಕಡದ ರಾತ್ರಿಯಲ್ಲಿ, ಮಳೆ ಬಲಿತಷ್ಟೂ ಅವನ ಜಗಲಿಯ ದೀಪ ಪ್ರಖರವಾಗಿ ಉರಿಯುತ್ತಿರುತ್ತದೆ.