ಪಾಲು ಕೇಳಿದವರ ಮೈಸೂರು

1881ರ ಅಕ್ಟೋಬರಿನಲ್ಲಿ, ದಸರೆಯ ಸಡಗರದ ನಡುವೆ, ಮೈಸೂರಿನಲ್ಲಿ 144 ಮಂದಿ ಸಭೆ ಸೇರಿದರು. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಸಂಸ್ಥಾನ ಅದೇ ಮಾರ್ಚಿನಲ್ಲಿ ಒಡೆಯರ ಮನೆತನಕ್ಕೆ ಮರಳಿತ್ತು. ದಿವಾನ್ ಸಿ. ರಂಗಾಚಾರ್ಲು ಆಡಳಿತದ ವರದಿಯನ್ನು ಜನರ ಮುಂದಿಟ್ಟು ಅವರ ಅಹವಾಲು ಕೇಳಬೇಕೆಂದು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಿದ್ದರು. ಆ ಕಾಲದ ದೇಶೀ ಸಂಸ್ಥಾನಗಳಲ್ಲಿ ಇದು ದಿಟ್ಟ ಹೆಜ್ಜೆಯೇ. ಆದರೆ ತಾಲ್ಲೂಕುಗಳಿಂದ ಬಂದವರೆಲ್ಲ ಜಮೀನುದಾರರು, ವರ್ತಕರು. ಹತ್ತು ವರ್ಷದ ಮೇಲೆ ಚುನಾವಣೆ ಬಂದಾಗಲೂ ಮತ ಹಾಕಲು ಇಂತಿಷ್ಟು ಕಂದಾಯ ಕಟ್ಟಿರಬೇಕಿತ್ತು, ಇಲ್ಲವೇ ಓದಿರಬೇಕಿತ್ತು. ಕೂಲಿಯವನಿಗೂ ಊರಾಚೆಯ ಕೇರಿಯವನಿಗೂ ಆ ಸಭೆ ದಸರಾ ಮೆರವಣಿಗೆಗಿಂತಲೂ ದೂರದ್ದಾಗಿತ್ತು.

ನಿಜವಾದ ಅಧಿಕಾರ ಸಭೆಯಲ್ಲಿರಲಿಲ್ಲ, ಕಚೇರಿಗಳಲ್ಲಿತ್ತು. ಅಮಲ್ದಾರ, ಶೇಕ್‌ದಾರ, ಮುನ್ಸೀಫ, ಗುಮಾಸ್ತ ಇವರ ಲೇಖನಿ ಆಡಿದಂತೆ ರೈತನ ಬದುಕು ಆಡುತ್ತಿತ್ತು. ಸಂಸ್ಥಾನದ ಜನಸಂಖ್ಯೆಯಲ್ಲಿ ಶೇ. 4ಕ್ಕಿಂತ ಕಡಿಮೆಯಿದ್ದ ಬ್ರಾಹ್ಮಣರ ಕೈಯಲ್ಲಿ 1918ರ ಹೊತ್ತಿಗೆ ಗೆಜೆಟೆಡ್ ಹುದ್ದೆಗಳ ಸುಮಾರು ಮೂರನೆಯ ಎರಡು ಪಾಲು ಇತ್ತು. ಮೊದಮೊದಲು ಈ ಬಗೆಗಿನ ಜಗಳ ನಡೆದದ್ದು ಬ್ರಾಹ್ಮಣರೊಳಗೇ: ಮದ್ರಾಸಿನಿಂದ ಬಂದ ಅಧಿಕಾರಿಗಳು ಒಂದು ಕಡೆ, 'ಮೈಸೂರು ಮೈಸೂರಿನವರಿಗೆ' ಎಂದವರು ಇನ್ನೊಂದು ಕಡೆ. ಮೈಸೂರಿನವರು ಎಂದರೆ ಯಾರು ಎಂದು ಉಳಿದವರು ಕೇಳಲು ಇನ್ನೊಂದು ತಲೆಮಾರು ಬೇಕಾಯಿತು.

ಆ ತಲೆಮಾರನ್ನು ರೂಪಿಸಿದ್ದು ಹಾಸ್ಟೆಲು. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಮುಸ್ಲಿಮರೂ ತಮ್ಮದೇ ಸಂಘ ಕಟ್ಟಿಕೊಂಡರು. ಹಳ್ಳಿಯ ಹುಡುಗ ಪೇಟೆಗೆ ಬಂದರೆ ಉಳಿಯಲು ಮನೆಯಿಲ್ಲ, ಉಣ್ಣಲು ಪಂಕ್ತಿಯಿಲ್ಲ. ಜಾತಿ ಸಂಘಗಳು ಕಟ್ಟಿದ ವಿದ್ಯಾರ್ಥಿನಿಲಯಗಳಲ್ಲಿ ಅವನಿಗೆ ಜಾಗ ಸಿಕ್ಕಿತು. ಜಾತಿ ಸಂಘಗಳನ್ನು ಪ್ರಜಾಪ್ರಭುತ್ವಕ್ಕೆ ಅಂಟಿದ ರೋಗವೆಂದು ಬೈಯುವ ರೂಢಿ ಇಂದಿಗೂ ಇದೆ. ಆದರೆ ಈ ಸಂಘಗಳಿಲ್ಲದೆ ಮೈಸೂರಿನಲ್ಲಿ ರಾಜಕೀಯ ಬೇಡಿಕೆಯೇ ಮೊಳೆಯುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ತಾವೂ ಪ್ರಜೆಗಳೆಂದು ಜನ ಅರಿತದ್ದು ತಮ್ಮ ಜಾತಿಯ ಹೆಸರಿನಲ್ಲೇ, ಏಕೆಂದರೆ ಹೊರಗಿಟ್ಟದ್ದೂ ಆ ಹೆಸರನ್ನು ಹಿಡಿದೇ.

1917ರಲ್ಲಿ ಈ ಗುಂಪುಗಳೆಲ್ಲ ಸೇರಿ ಪ್ರಜಾಮಿತ್ರ ಮಂಡಲಿ ಕಟ್ಟಿದವು. ಮಹಾರಾಜಾ ಕಾಲೇಜಿನಲ್ಲಿದ್ದ ಸಿ.ಆರ್. ರೆಡ್ಡಿಯವರ ಮಾರ್ಗದರ್ಶನ ಅವರಿಗಿತ್ತು. ಒಂದು ವರ್ಷದ ಹಿಂದೆಯಷ್ಟೇ ಮದ್ರಾಸಿನಲ್ಲಿ ತಲೆಯೆತ್ತಿದ ಜಸ್ಟಿಸ್ ಪಕ್ಷದ ಉದಾಹರಣೆಯೂ ಕಣ್ಣೆದುರಿಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಇವರ ಅಹವಾಲು ಕೇಳಿ, 1918ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ಎಂ. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಿಕ್ಷಣವನ್ನು ಹರಡಿದರೆ ಸಾಕು, ಹುದ್ದೆಗೆ ಅರ್ಹತೆಯೊಂದೇ ಅಳತೆ ಆಗಿರಬೇಕು ಎಂಬುದು ಅವರ ನಿಲುವು. ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. ಅವರು ಕಟ್ಟಿದ್ದರ ಬಗ್ಗೆ ನಾಡಿಗೆ ಇರುವ ಗೌರವ ನ್ಯಾಯವಾದದ್ದೇ. ಈ ಒಂದು ವಿಷಯದಲ್ಲಿ ಮಾತ್ರ ಅರಸರು ದಿವಾನರಿಗಿಂತ ಮುಂದಿನದನ್ನು ಕಂಡರು.

ಮಿಲ್ಲರ್ ಸಮಿತಿ ಏಳು ವರ್ಷದ ಗಡುವು ಹಾಕಿತು. ಅಷ್ಟರೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯವುಗಳಲ್ಲಿ ಮೂರನೆಯ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು. ಅವರಲ್ಲೂ ಅಸ್ಪೃಶ್ಯ ಸಮುದಾಯಗಳಿಗೆ ಆದ್ಯತೆ ಇರಬೇಕು. 1921ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಸ್ವತಂತ್ರ ಭಾರತದ ಸಂವಿಧಾನ ಬರಲು ಇನ್ನೂ ಮೂರು ದಶಕ ಬಾಕಿಯಿತ್ತು.

ಆದರೆ 'ಬ್ರಾಹ್ಮಣೇತರ' ಎಂಬ ದೊಡ್ಡ ಮಡಿಲಿನಲ್ಲಿ ಎಲ್ಲರ ತೂಕವೂ ಒಂದೇ ಆಗಿರಲಿಲ್ಲ. ಹೊಲವಿದ್ದವರಿಗೆ ಮತವಿತ್ತು, ಮತವಿದ್ದವರಿಗೆ ಸಭೆಯಲ್ಲಿ ಕುರ್ಚಿ, ಕುರ್ಚಿ ಇದ್ದವರ ಮಕ್ಕಳಿಗೆ ಹಾಸ್ಟೆಲು. ಕುಂಬಾರ, ಅಗಸ, ಬೆಸ್ತ, ಕುರುಬ, ಹೊಲೆಯ, ಮಾದಿಗ ಸಮುದಾಯಗಳ ಕೈಗೆ ಬಂದದ್ದು ಅಲ್ಪ. 1937ರಲ್ಲಿ ಬ್ರಾಹ್ಮಣೇತರ ನಾಯಕರು ಕಾಂಗ್ರೆಸ್ ಸೇರಿದರು. ಹತ್ತು ವರ್ಷದ ಬಳಿಕ ಅವರಲ್ಲೊಬ್ಬರಾದ ಕೆ.ಸಿ. ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಅಲ್ಲಿಂದ 1956ರ ಏಕೀಕರಣದವರೆಗೆ ಆ ಪಟ್ಟ ಒಕ್ಕಲಿಗ ನಾಯಕರಲ್ಲಿ, ಆಮೇಲೆ 1971ರವರೆಗೆ ಲಿಂಗಾಯತ ನಾಯಕರಲ್ಲಿ ಉಳಿಯಿತು. ಎಲ್ಲರಿಗೂ ಮತ ಬಂದಮೇಲೂ ಸುಮಾರು ಎರಡು ದಶಕ ಎರಡೇ ಸಮುದಾಯಗಳ ಯಜಮಾನಿಕೆ ನಡೆಯಿತು ಎಂದರೆ, ಮತಪೆಟ್ಟಿಗೆಗಿಂತ ಹಳ್ಳಿಯ ಪಹಣಿ ಎಷ್ಟು ಬಲವಾಗಿತ್ತೆಂದು ಗೊತ್ತಾಗುತ್ತದೆ.

ಪಹಣಿಯ ಆ ಬಲಕ್ಕೆ ಮೊದಲ ಸವಾಲು ಬಂದದ್ದು ಸಾಗರ ತಾಲ್ಲೂಕಿನ ಕಾಗೋಡಿನಿಂದ. ಅಲ್ಲಿನ ದೀವರು ಗೇಣಿದಾರರು. ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ಇಟ್ಟುಕೊಂಡಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಕೊಳಗಕ್ಕೆ ಕೊಳಗ ತುಂಬಿಸುತ್ತ ಹೋದಂತೆ ಹೆಚ್ಚಿನ ಭತ್ತ ಸದ್ದಿಲ್ಲದೆ ಒಡೆಯರ ಕಣಜ ಸೇರುತ್ತಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದದ್ದಕ್ಕೆ ಉಳುತ್ತಿದ್ದ ಗದ್ದೆಯಿಂದಲೇ ಹೊರಹಾಕುವ ಬೆದರಿಕೆ ಬಂತು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದರು. 1951ರಲ್ಲಿ ಸಮಾಜವಾದಿಗಳು ಸತ್ಯಾಗ್ರಹಕ್ಕೆ ಇಳಿದರು. ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಹೋರಾಟದ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರನ್ನು ಜನ ವಿಧಾನಸಭೆಗೆ ಕಳಿಸಿದರು. ಒಂದು ಅಳತೆಪಾತ್ರೆಯ ಜಗಳ ನಾಡಿನ ಶಾಸನಸಭೆಗೆ ಗೇಣಿದಾರನ ದನಿಯನ್ನು ತಂದುಕೊಟ್ಟಿತು.

ಕಾನೂನು ಮಾತ್ರ ನಿಧಾನವಾಗಿ ನಡೆಯಿತು. 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದೇ 1965ರಲ್ಲಿ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಜಮೀನು ಬಿಡಿಸಿಕೊಳ್ಳಲು ಒಡೆಯರಿಗೆ ಅದು ದಾರಿ ಬಿಟ್ಟಿತ್ತು. ನಡುವೆ 1962ರಲ್ಲಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳಲ್ಲಿ ಶೇ. 68 ಮೀಸಲಿಟ್ಟ ಮೈಸೂರು ಸರ್ಕಾರದ ಆದೇಶವನ್ನು ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಮೀಸಲಾತಿ ಅರ್ಧವನ್ನು ದಾಟಬಾರದೆಂದು ಇಂದು ದೇಶವೆಲ್ಲ ಆಡುವ ಮಾತಿನ ಮೂಲ ಆ ತೀರ್ಪಿನಲ್ಲಿದೆ.

1972ರಲ್ಲಿ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ಎಣಿಕೆಯಲ್ಲಿ ತೀರ ಸಣ್ಣದಾದ ಅರಸು ಸಮುದಾಯದವರು. ತಮ್ಮ ಜಾತಿಯ ಮತದಿಂದ ಗೆಲ್ಲುವ ಮಾತೇ ಇರಲಿಲ್ಲ. ಆದ್ದರಿಂದಲೇ ಅವರು ಚದುರಿಹೋಗಿದ್ದ ಸಣ್ಣ ಸಮುದಾಯಗಳನ್ನು ಒಟ್ಟುಗೂಡಿಸಿದರು. ಆ ವರ್ಷದ ಚುನಾವಣೆಯಲ್ಲಿ ಗುರುಮಠಕಲ್ಲಿನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯ್ಲಿ ಮೊದಲ ಬಾರಿಗೆ ಶಾಸಕರಾದರು. ಆ ವರ್ಷವೇ ವಕೀಲ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕವಾಯಿತು. ಕೋರ್ಟು ಪುರಾವೆ ಕೇಳುತ್ತಿದ್ದ ಕಾಲ. ಆಯೋಗ ಹಳ್ಳಿಹಳ್ಳಿಗಳ ಅಂಕಿಅಂಶ ಕಲೆಹಾಕಿ 1975ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಪಟ್ಟಿಯಿಂದ ಲಿಂಗಾಯತರು ಹೊರಗುಳಿದರು, ಒಕ್ಕಲಿಗರು ಒಳಗಿದ್ದರು. ಆ ಗೆರೆ ಸರಿಯೇ ತಪ್ಪೇ ಎಂಬ ವಾದ ಮುಂದಿನ ಎಲ್ಲ ಆಯೋಗಗಳ ಬೆನ್ನಿಗೂ ಬಿತ್ತು.

ಕರಾವಳಿ ಮತ್ತು ಮಲೆನಾಡಿನಲ್ಲಿ ಅರಸು ಅವರನ್ನು ಜನ ನೆನೆಯುವುದು 'ಭೂಮಸೂದೆ'ಯಿಂದ. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದ ಸ್ವತ್ತಾಯಿತು. ಗೇಣಿದಾರ ಮಾಡಬೇಕಾದದ್ದು ಇಷ್ಟೇ: ಏಳನೇ ನಮೂನೆಯ ಅರ್ಜಿ ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಕೊಡುವುದು. ದಕ್ಷಿಣ ಕನ್ನಡದಲ್ಲಿ ಇದಕ್ಕೆ 'ಡಿಕ್ಲರೇಶನ್ ಕೊಡುವುದು' ಎನ್ನುತ್ತಿದ್ದರು. ಗೇಣಿ ಎಷ್ಟೋ ಕಡೆ ಬಾಯಿಮಾತಿನದು. ರಶೀದಿ ಇಲ್ಲ, ಕರಾರಿಲ್ಲ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಮಂಡಳಿಯಲ್ಲಿ ಸರ್ಕಾರ ನೇಮಿಸಿದ ಸ್ಥಳೀಯರೂ ಕೂರುತ್ತಿದ್ದರು. ವಕೀಲರಿಗೆ ಪ್ರವೇಶವಿರಲಿಲ್ಲ. ದೊಡ್ಡ ವಕೀಲರನ್ನು ಇಡಬಲ್ಲ ಧಣಿಯೂ ಒಕ್ಕಲೂ ಒಂದೇ ನೆಲದ ಮೇಲೆ ನಿಂತು ಮಾತನಾಡಬೇಕಿತ್ತು, ಪಕ್ಕದ ಗದ್ದೆಯವನ ಸಾಕ್ಷಿಗೆ ಬೆಲೆ ಇತ್ತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವಾಗಿ ತೀರ್ಮಾನವಾದವು. ವಕೀಲರನ್ನು ದೂರವಿಟ್ಟ ಆ ಕಲಮನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತಾದರೂ ಕಾಯಿದೆಯ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಭೂಮಿ ಕೈಗೆ ಬಂದ ಮನೆಗಳ ಮಕ್ಕಳು ಶಾಲೆಗೆ ಹೋದರು, ಪಂಚಾಯಿತಿಗೆ ನಿಂತರು. ಕಾಗೋಡಿನ ಗೇಣಿದಾರರ ದೀವರ ಸಮುದಾಯದಿಂದಲೇ ಬಂದ ಎಸ್. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು.

ಮಸೂದೆಗೆ ಮಿತಿಯೂ ಇತ್ತು, ಅದನ್ನು ಮುಚ್ಚಿಡಬಾರದು. ಗೇಣಿ ಪದ್ಧತಿ ಕಡಿಮೆಯಿದ್ದ ಹಳೇ ಮೈಸೂರಿನ ಬಯಲುಸೀಮೆಯಲ್ಲಿ ದೊಡ್ಡ ಹಿಡುವಳಿದಾರರಿಗೆ ಅದರ ಬಿಸಿ ತಾಗಲೇ ಇಲ್ಲ. ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ದುಡಿಯುತ್ತಿದ್ದ ದಲಿತರಿಗೆ ಏಳನೇ ನಮೂನೆಯಲ್ಲಿ ಬರೆಯಲು ಸರ್ವೆ ನಂಬರೇ ಇರಲಿಲ್ಲ. ಅವರ ಸಿಟ್ಟು ಬೇರೆ ದಾರಿಯಲ್ಲಿ ಹೊರಬಂತು. ಅರಸು ಸಂಪುಟದಲ್ಲಿದ್ದು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಬಿ. ಬಸವಲಿಂಗಪ್ಪ, 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಊರೂರುಗಳಲ್ಲಿ ಗಲಭೆಯೆದ್ದು ಅವರು ರಾಜೀನಾಮೆ ಕೊಡಬೇಕಾಯಿತು. ಆ ದಿನಗಳಲ್ಲಿ ಹಾಸ್ಟೆಲುಗಳಲ್ಲಿ ಪೆಟ್ಟು ತಿಂದ ದಲಿತ ಹುಡುಗರು ಮುಂದೆ ದಲಿತ ಸಂಘರ್ಷ ಸಮಿತಿಯ ಬೆನ್ನೆಲುಬಾದರು.

ಪಾಲಿನ ಪ್ರಶ್ನೆ ದಲಿತರೊಳಗೂ ಎದ್ದಿತು. ಪರಿಶಿಷ್ಟ ಜಾತಿಗಳ ಒಳಗಿನ ಹಂಚಿಕೆಯ ಪ್ರಶ್ನೆಯನ್ನು ಮಾದಿಗ ಸಮುದಾಯದವರು ದಶಕಗಳ ಕಾಲ ಬೀದಿಯಲ್ಲಿ ನಿಂತು ಕೇಳಿದರು. ಒಳಮೀಸಲಾತಿಗೆ ರಾಜ್ಯಗಳಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ತೀರ್ಪಿತ್ತಿತು. ಮರುವರ್ಷ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಅತಿ ಹಿಂದುಳಿದ ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ. 1 ಇಡಲು ಶಿಫಾರಸು ಮಾಡಿತು. ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಶೇ. 17ರ ಮೀಸಲಾತಿಯನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಿ, ಅಲೆಮಾರಿಗಳನ್ನು ತಮಗಿಂತ ಬಲವಾದ ಜಾತಿಗಳಿರುವ ಮೂರನೆಯ ಗುಂಪಿಗೆ ಸೇರಿಸಿತು. ಚುನಾವಣೆಯಲ್ಲಿ ಮತಬಲವಿಲ್ಲದ ಈ ಸಮುದಾಯಗಳು ತಮ್ಮ ಒಂದು ಪಾಲು ತಮಗೇ ಬೇಕೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತವು.