ಟಿವಿ ಒಂದು, ರಿಮೋಟ್ ಎರಡು: ಹಿರಿಯರಿಗೆ, ವಿಕಲಚೇತನರಿಗೆ ಸುಲಭ ಮಾಡುವುದು ಹೇಗೆ?

ಚೆನ್ನೈ: ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ರಿಮೋಟ್‌ನಲ್ಲಿ ಯಾವುದೋ ಬಟನ್ ಒತ್ತುತ್ತಾರೆ. ಪರದೆ ಮೇಲೆ 'ನೋ ಸಿಗ್ನಲ್' ಎಂದು ಬರುತ್ತದೆ. ಸಂಜೆ ಮಗ ಬರುವವರೆಗೂ ಟಿವಿ ಹಾಗೆಯೇ ಇರುತ್ತದೆ. ಅಜ್ಜಿಗೆ ಟಿವಿ ನೋಡಲು ಬರುವುದಿಲ್ಲ ಎಂದಲ್ಲ, ಅವರ ಕೈಗೆ ಸಿಕ್ಕಿದ್ದು ಸೋರ್ಸ್ ಬಟನ್ ಅಷ್ಟೇ.

1956ರಲ್ಲಿ ಅಮೆರಿಕದ ಝೆನಿತ್ ಕಂಪನಿ ತಂದ 'ಸ್ಪೇಸ್ ಕಮಾಂಡ್' ರಿಮೋಟ್‌ನಲ್ಲಿ ಬೆರಳೆಣಿಕೆಯ ಬಟನ್‌ಗಳಿದ್ದವು, ಬ್ಯಾಟರಿಯೂ ಬೇಕಿರಲಿಲ್ಲ. ಈಗ ನಲವತ್ತರ ಆಸುಪಾಸು ಬಟನ್ ಇರುವುದು ಮಾಮೂಲು. ಸೆಟ್ ಟಾಪ್ ಬಾಕ್ಸ್ ಬಂದ ಮೇಲೆ ಅಂಥವು ಎರಡಾದವು. ಈ ತಾಪತ್ರಯವನ್ನು ದೇಶದಲ್ಲಿ ಮೊದಲು ಕಂಡ ನಗರಗಳಲ್ಲಿ ಚೆನ್ನೈ ಒಂದು. ಕೇಬಲ್‌ನಲ್ಲಿ ಪೇ ಚಾನೆಲ್ ನೋಡಲು 2003ರ ಸೆಪ್ಟೆಂಬರ್‌ನಿಂದಲೇ ಇಲ್ಲಿ ಬಾಕ್ಸ್ ಕಡ್ಡಾಯವಾಗಿತ್ತು.

ಹಾಗಾಗಿ ಮೊದಲ ಕೆಲಸ, ಎರಡು ರಿಮೋಟ್ ಅನ್ನು ಒಂದು ಮಾಡುವುದು. ಹಲವು ಡಿಟಿಎಚ್ ರಿಮೋಟ್‌ಗಳಲ್ಲಿ 'ಲರ್ನ್' ಸೌಲಭ್ಯ ಇರುತ್ತದೆ. ಎರಡೂ ರಿಮೋಟ್‌ಗಳನ್ನು ಎದುರುಬದುರು ಇಟ್ಟು ಟಿವಿಯ ಪವರ್, ವಾಲ್ಯೂಮ್ ಬಟನ್‌ಗಳನ್ನು ಅದಕ್ಕೆ ಕಲಿಸಬಹುದು. ಸರ್ವಿಸ್ ಹುಡುಗ ಬಂದಾಗ ಹೇಳಿದರೆ ಕೆಲವೇ ನಿಮಿಷದ ಕೆಲಸ. ಬ್ಲೂಟೂತ್‌ನಿಂದ ಮಾತ್ರ ನಡೆಯುವ ಟಿವಿ ರಿಮೋಟ್‌ನಿಂದ ಹೀಗೆ ಕಲಿಸಲು ಆಗದು. ಬಾಕ್ಸ್ ಎಚ್‌ಡಿಎಂಐ ಕೇಬಲ್‌ನಲ್ಲಿದ್ದರೆ ಟಿವಿ ಸೆಟ್ಟಿಂಗ್ಸ್‌ನಲ್ಲಿ 'ಸಿಇಸಿ' ಆನ್ ಮಾಡಿ ನೋಡಿ. ಎರಡೂ ಸಾಧನಗಳಲ್ಲಿ ಈ ಸೌಲಭ್ಯವಿದ್ದರೆ ಒಂದೇ ರಿಮೋಟ್ ಸಾಕಾಗಬಹುದು.

ಇನ್ನು ಬೇಡದ ಬಟನ್‌ಗಳು. ಪವರ್, ವಾಲ್ಯೂಮ್, ಚಾನೆಲ್ ಕಡೆ ಮಾತ್ರ ಕಿಂಡಿ ಕೊರೆದ ದಪ್ಪ ರಟ್ಟನ್ನು ರಿಮೋಟ್ ಮೇಲೆ ಕಟ್ಟಿದರೆ ಸೋರ್ಸ್ ಬಟನ್ ಕೈಗೇ ಸಿಗುವುದಿಲ್ಲ. ನೋಡಲು ಚೆಂದ ಇರುವುದಿಲ್ಲ, ಆದರೆ ಕೆಲಸ ಮಾಡುತ್ತದೆ. ಬಹಳಷ್ಟು ರಿಮೋಟ್‌ಗಳಲ್ಲಿ 5ರ ಮೇಲೆ ಸಣ್ಣ ಉಬ್ಬು ಇರುತ್ತದೆ. ಕಣ್ಣು ಮಂಜಾದವರಿಗೆ ವಾಲ್ಯೂಮ್ ಬಟನ್ ಮೇಲೂ ಒಂದು ಹನಿ ನೇಲ್ ಪಾಲಿಶ್ ಹಾಕಿ ಒಣಗಿಸಿದರೆ ಬೆರಳಿಗೇ ತಿಳಿಯುತ್ತದೆ. ಸಂಧಿವಾತದಿಂದ ಹಿಡಿತ ಸಡಿಲಾಗಿದ್ದರೆ ರಿಮೋಟ್‌ಗೆ ಸ್ಪಂಜು ಸುತ್ತಿ ದಪ್ಪ ಮಾಡಿ.

ಪೂರ್ತಿ ಕಣ್ಣು ಕಾಣದವರಿಗೆ ಮೆನುವನ್ನು ಓದಿ ಹೇಳುವ ಸೌಲಭ್ಯ ಸ್ಮಾರ್ಟ್ ಟಿವಿಗಳಲ್ಲಿ ಇದೆ. ಆಂಡ್ರಾಯ್ಡ್ ಟಿವಿಯಲ್ಲಿ 'ಟಾಕ್‌ಬ್ಯಾಕ್', ಸ್ಯಾಮ್‌ಸಂಗ್‌ನಲ್ಲಿ 'ವಾಯ್ಸ್ ಗೈಡ್', ಫೈರ್ ಟಿವಿಯಲ್ಲಿ 'ವಾಯ್ಸ್‌ವ್ಯೂ' ಎಂಬ ಹೆಸರಿನಲ್ಲಿ ಅಕ್ಸೆಸಿಬಿಲಿಟಿ ವಿಭಾಗದಲ್ಲಿ ಸಿಗುತ್ತದೆ. ವಿಚಿತ್ರವೆಂದರೆ, ಕಾಣದವರಿಗಾಗಿ ಇಟ್ಟಿರುವ ಇದನ್ನು ಆನ್ ಮಾಡಲು ಬಹಳ ಸಲ ಕಣ್ಣು ಕಾಣುವವರೇ ಬೇಕಾಗುತ್ತದೆ.

ಮೈಕ್ ಇರುವ ರಿಮೋಟ್ ಎಲ್ಲದಕ್ಕೂ ಮದ್ದು ಎಂದು ಅಂಗಡಿಯವರು ಹೇಳುತ್ತಾರೆ. ಪಾರ್ಶ್ವವಾಯುವಿನಿಂದ ಮಾತು ತೊದಲುವವರಿಗೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಅದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅಂಥವರಿಗೆ ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಬಹುದಾದ ದೊಡ್ಡ ಸ್ವಿಚ್‌ಗಳಿವೆ. ಮಲಗಿಯೇ ಇರುವವರಿಗೆ ಬ್ಲೂಟೂತ್ ರಿಮೋಟ್ ಮೇಲು. ಇನ್‌ಫ್ರಾರೆಡ್ ರಿಮೋಟ್‌ನಂತೆ ಅದನ್ನು ಟಿವಿಯತ್ತ ಗುರಿ ಹಿಡಿಯಬೇಕಿಲ್ಲ.

ಇಂಥ ಸಹಾಯಕ ಸಾಧನಗಳನ್ನು ಮುಟ್ಟಿ ನೋಡಲು ಚೆನ್ನೈನಲ್ಲಿ ಜಾಗವಿದೆ. ಮರೀನಾ ಬೀಚ್ ಎದುರಿನ ಕಾಮರಾಜರ್ ಸಾಲೈನಲ್ಲಿ 2022ರಲ್ಲಿ ತಮಿಳುನಾಡು ಸರ್ಕಾರ 'ಮ್ಯೂಸಿಯಂ ಆಫ್ ಪಾಸಿಬಿಲಿಟೀಸ್' ತೆರೆಯಿತು. ವಿಕಲಚೇತನರಿಗಾಗಿ ಕೆಲಸ ಮಾಡುವ ವಿದ್ಯಾಸಾಗರ್ ಸಂಸ್ಥೆ ಇದರಲ್ಲಿ ಕೈಜೋಡಿಸಿದೆ. ಮುಟ್ಟುಕಾಡಿನಲ್ಲಿ ಬಹುವಿಧ ಅಂಗವೈಕಲ್ಯದವರ ರಾಷ್ಟ್ರೀಯ ಸಂಸ್ಥೆಯೂ ಇದೆ. ಬೆಂಗಳೂರಿನವರು 1959ರಿಂದ ಇರುವ ಎಪಿಡಿ ಸಂಸ್ಥೆಯಲ್ಲಿ ವಿಚಾರಿಸಬಹುದು.

ಕಾನೂನಿನ ಮಾತು ಬಂದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್ ಎಲ್ಲರೂ ಬಳಸಬಲ್ಲ ಗೃಹೋಪಯೋಗಿ ವಸ್ತುಗಳನ್ನು ಸರ್ಕಾರ ಉತ್ತೇಜಿಸಬೇಕು ಎನ್ನುತ್ತದೆ. ಉತ್ತೇಜನವೇ ಬೇರೆ, ಕಡ್ಡಾಯವೇ ಬೇರೆ. ಅಮೆರಿಕದಲ್ಲಿ 2010ರ ಕಾನೂನಿನಡಿ ಕ್ಯಾಪ್ಷನ್ ಮತ್ತು ಓದಿ ಹೇಳುವ ಸೌಲಭ್ಯ ಬಟನ್ ಒತ್ತುವಷ್ಟೇ ಸುಲಭವಾಗಿ ಸಿಗಬೇಕು ಎಂಬ ನಿಯಮವಿದೆ. ಇಲ್ಲಿ ಸದ್ಯಕ್ಕೆ ಗ್ರಾಹಕರೇ ಕೇಳಿ ಪಡೆಯಬೇಕು. ಹೊಸ ಟಿವಿ ಕೊಳ್ಳುವಾಗ ಅದನ್ನು ಬಳಸುವ ಹಿರಿಯರನ್ನೇ ಅಂಗಡಿಗೆ ಕರೆದೊಯ್ದು ರಿಮೋಟ್ ಅನ್ನು ಅವರ ಕೈಗೆ ಕೊಡಿ.